ಜುಲು ಭಾಷೆಯ ಕ್ಲಿಕ್ ಸದ್ದುಗಳನ್ನು ಹೇಳುವುದು ಹೇಗೆ? ಕ ವರ್ಗ ಗೊತ್ತಿದ್ದರೆ ಅರ್ಧ ಕೆಲಸ ಮುಗಿದಂತೆ

2024ರ ನವೆಂಬರ್ 10ರಂದು ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವೆ ಒಂದು ಟಿ20 ಪಂದ್ಯ ನಡೆಯಿತು. ಬೀದರ್‌ನಲ್ಲಿ ಹುಟ್ಟಿದ ವರುಣ್ ಚಕ್ರವರ್ತಿ 17 ರನ್ ಕೊಟ್ಟು 5 ವಿಕೆಟ್ ಕಿತ್ತರು. ಆದರೂ ಪಂದ್ಯ ನಮ್ಮ ಕೈ ತಪ್ಪಿತು. ಇದೆಲ್ಲ ಕ್ರಿಕೆಟ್ ನೋಡುವವರಿಗೆ ನೆನಪಿರುತ್ತದೆ. ಆದರೆ ಪಂದ್ಯ ನಡೆದ ಊರಿನ ಹೆಸರು ಹೇಳಿ ಅಂದರೆ ತಡವರಿಸುವವರೇ ಜಾಸ್ತಿ.

ಆ ಊರಿನ ಹಳೆಯ ಹೆಸರು ಪೋರ್ಟ್ ಎಲಿಜಬೆತ್. 2021ರಲ್ಲಿ ಅದನ್ನು ಬದಲಾಯಿಸಿದರು. ಹೊಸ ಹೆಸರಿನ ಸ್ಪೆಲಿಂಗ್ ಜಿ, ಕ್ಯೂ, ಇ, ಬಿ, ಇ, ಆರ್, ಹೆಚ್, ಎ. ಇದನ್ನು ಇಂಗ್ಲಿಷ್ ಅಂದುಕೊಂಡು ಓದಲು ಹೊರಟರೆ ಎರಡನೇ ಅಕ್ಷರಕ್ಕೇ ನಾಲಿಗೆ ನಿಲ್ಲುತ್ತದೆ. ಯಾಕೆಂದರೆ ಅಲ್ಲಿರುವ ಕ್ಯೂ ಅಕ್ಷರ ನಮಗೆ ಗೊತ್ತಿರುವ ಕ್ಯೂ ಅಲ್ಲ. ಅದು ಬಾಯೊಳಗೆ ನಾಲಿಗೆಯಿಂದ 'ಟಾಕ್' ಎನ್ನಿಸುವ ಸದ್ದು. ಭಾಷಾತಜ್ಞರು ಇಂಥ ಸದ್ದುಗಳನ್ನು ಕ್ಲಿಕ್ ಎನ್ನುತ್ತಾರೆ. 2027ರ ಏಕದಿನ ವಿಶ್ವಕಪ್ ದಕ್ಷಿಣ ಆಫ್ರಿಕಾ, ಜಿಂಬಾಬ್ವೆ, ನಮೀಬಿಯಾಗಳಲ್ಲಿ ನಡೆಯಬೇಕಿದೆ. ಅಂದರೆ ಇಂಥ ಹೆಸರುಗಳು ಇನ್ನೂ ತುಂಬ ಸಲ ನಮ್ಮ ಕಿವಿಗೆ ಬೀಳಲಿವೆ.

ಈ ಸದ್ದುಗಳನ್ನು ಕಲಿಯಲು ಜುಲು ಒಳ್ಳೆಯ ಭಾಷೆ. ಅದರಲ್ಲಿ ಕ್ಲಿಕ್‌ಗಳ ಲೆಕ್ಕ ಅಚ್ಚುಕಟ್ಟಾಗಿದೆ. ಕನ್ನಡದವರಿಗೆ ಅಲ್ಲೊಂದು ಲಾಭವೂ ಇದೆ. ಅದನ್ನು ಮುಂದೆ ನೋಡೋಣ.

ಜುಲು ಯಾರ ಭಾಷೆ?

ಜುಲು ಜನ ತಮ್ಮ ಭಾಷೆಯನ್ನು ಇಸಿಜುಲು ಎನ್ನುತ್ತಾರೆ. ದಕ್ಷಿಣ ಆಫ್ರಿಕಾದಲ್ಲಿ ಮನೆಮಾತಾಗಿ ಅತಿ ಹೆಚ್ಚು ಜನ ಆಡುವ ಭಾಷೆ ಇದೇ. 2022ರ ಜನಗಣತಿಯ ಪ್ರಕಾರ ಶೇ. 24.4ರಷ್ಟು ಜನರ ಮನೆಯಲ್ಲಿ ಇದೇ ಮಾತು. ದೇಶದ ಪೂರ್ವ ಕರಾವಳಿಯ ಕ್ವಾಜುಲು-ನಟಾಲ್ ಇದರ ತವರು. ಡರ್ಬನ್ ಇರುವುದು ಅಲ್ಲೇ.

ಜುಲು ಬಂಟು ಎಂಬ ದೊಡ್ಡ ಭಾಷಾ ಕುಟುಂಬಕ್ಕೆ ಸೇರಿದೆ. (ಇದಕ್ಕೂ ನಮ್ಮ ಕರಾವಳಿಯ ಬಂಟರಿಗೂ ಸಂಬಂಧವಿಲ್ಲ.) ಪೂರ್ವ ಆಫ್ರಿಕಾದ ಸ್ವಾಹಿಲಿಯೂ ಇದೇ ಕುಟುಂಬದ್ದು. ಆದರೆ ಸ್ವಾಹಿಲಿಯಲ್ಲಿ ಕ್ಲಿಕ್ ಇಲ್ಲ. ಬಂಟು ಭಾಷೆಗಳಲ್ಲಿ ಹೆಚ್ಚಿನವುಗಳಲ್ಲಿ ಇಲ್ಲ. ಜುಲು ಮತ್ತು ಅದರ ನೆರೆಹೊರೆಯ ಭಾಷೆಗಳಂಥ ಕೆಲವುಗಳಲ್ಲಿ ಮಾತ್ರ ಇದೆ. ನೆಲ್ಸನ್ ಮಂಡೇಲಾ ಅವರ ಮನೆಮಾತು ಖೋಸಾ ಜುಲುವಿಗೆ ತೀರಾ ಹತ್ತಿರದ ಭಾಷೆ. ಎರಡರಲ್ಲೂ ಇರುವುದು ಅದೇ ಮೂರು ಮೂಲ ಕ್ಲಿಕ್‌ಗಳು. ಮೇಲೆ ಹೇಳಿದ ಊರಿನ ಹೆಸರು ಖೋಸಾ ಭಾಷೆಯದು. ಆದರೂ ಜುಲು ಕ್ಲಿಕ್ ಕಲಿತವರಿಗೆ ಅದು ಕಷ್ಟವಾಗುವುದಿಲ್ಲ.

ಈ ಸದ್ದುಗಳು ನಿಮ್ಮ ಬಾಯಲ್ಲಿ ಆಗಲೇ ಇವೆ

'ಅಯ್ಯೋ ಪಾಪ' ಅನ್ನುವ ಮುಂಚೆ ನಮ್ಮ ಬಾಯಿಂದ ಒಂದು ಸದ್ದು ಬರುತ್ತದಲ್ವಾ? ಲೊಚ್, ಲೊಚ್ ಅಂತ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದಾಗ ಅಜ್ಜಿ 'ಕೃಷ್ಣ ಕೃಷ್ಣ' ಅಂದು, ಬೆರಳಿನಿಂದ ನೆಲ ಕುಟ್ಟುತ್ತಾ ತಾವೂ ಲೊಚಗುಟ್ಟುತ್ತಿದ್ದರು. ಅದೇ ಜುಲುವಿನ ಮೊದಲನೇ ಕ್ಲಿಕ್.

ಮಕ್ಕಳು ಕುದುರೆ ಆಟ ಆಡುವಾಗ ನಾಲಿಗೆಯನ್ನು ಅಂಗುಳಕ್ಕೆ ಒತ್ತಿ ಕೆಳಗೆ ಬಡಿಯುತ್ತಾರೆ. ಟಾಕ್ ಟಾಕ್ ಅಂತ ಗೊರಸಿನ ಸದ್ದು ಬರುತ್ತದೆ. ಅದು ಎರಡನೆಯದು.

ಗಾಡಿ ಹೊಡೆಯುವವರು ಎತ್ತನ್ನೋ ಕುದುರೆಯನ್ನೋ ಮುಂದೆ ಹೋಗು ಅನ್ನಲು ಕೆನ್ನೆಯ ಒಂದು ಬದಿಯಿಂದ ಕ್ಲಕ್ ಕ್ಲಕ್ ಅನ್ನಿಸುತ್ತಾರೆ. ಅದು ಮೂರನೆಯದು.

ಹಾಗಿದ್ದರೆ ಇನ್ನು ಕಲಿಯುವುದೇನಿದೆ? ಇದೆ. ನಾವು ಲೊಚಗುಟ್ಟುವುದು ಮಾತಿನ ಹೊರಗೆ. ಅದರ ಹಿಂದೆ ಮುಂದೆ ಸ್ವರ ಇರುವುದಿಲ್ಲ. ಜುಲುವಿನಲ್ಲಿ ಇದೇ ಸದ್ದು ಒಂದು ವ್ಯಂಜನ. ಅದಕ್ಕೆ ಅ, ಇ, ಉ, ಎ, ಒ ಸೇರುತ್ತವೆ, ಅದು ಪದದ ನಡುವೆ ಬರುತ್ತದೆ, ಅದು ಬದಲಾದರೆ ಅರ್ಥವೂ ಬದಲಾಗುತ್ತದೆ. ಕ್ಲಿಕ್ ಮಾಡುವುದು ಸುಲಭ. ಕ್ಲಿಕ್ಕಿಗೆ ಕಾಗುಣಿತ ಹಚ್ಚುವುದರಲ್ಲೇ ಕಷ್ಟ ಇರುವುದು.

ಬಾಯೊಳಗೆ ಏನಾಗುತ್ತದೆ?

ನಾವು ಆಡುವ ಸಾಮಾನ್ಯ ಮಾತೆಲ್ಲ ಶ್ವಾಸಕೋಶದಿಂದ ಹೊರಗೆ ಬರುವ ಉಸಿರಿನ ಮೇಲೆ ನಿಂತಿದೆ. ಪ, ತ, ಕ ಹೇಳುವಾಗ ಆ ಉಸಿರನ್ನು ಒಂದು ಕಡೆ ತಡೆದು ಬಿಡುತ್ತೇವೆ. ಗಾಳಿ ಹೊರಗೆ ನುಗ್ಗುತ್ತದೆ. ಕ್ಲಿಕ್‌ನಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ. ಗಾಳಿಯನ್ನು ನಡೆಸುವುದು ನಾಲಿಗೆ. ಅದೂ ಒಳಮುಖವಾಗಿ.

ಹೋಳಿಯ ಪಿಚಕಾರಿ ಕೈಯಲ್ಲಿದೆ ಅಂದುಕೊಳ್ಳಿ. ಮೂತಿಗೆ ಬೆರಳು ಒತ್ತಿಟ್ಟು ಹಿಡಿಯನ್ನು ಹಿಂದಕ್ಕೆ ಎಳೆಯುತ್ತೀರಿ. ಒಳಗಿದ್ದ ಅಷ್ಟೇ ಗಾಳಿಗೆ ಈಗ ಜಾಗ ಜಾಸ್ತಿ. ಒತ್ತಡ ಕಡಿಮೆಯಾಗುತ್ತದೆ. ಥಟ್ಟನೆ ಬೆರಳು ತೆಗೆದರೆ ಹೊರಗಿನ ಗಾಳಿ ಒಳಗೆ ನುಗ್ಗುತ್ತದೆ, 'ಟಪ್' ಅಂತ ಸದ್ದಾಗುತ್ತದೆ. ಕ್ಲಿಕ್ ಆಗುವುದೂ ಹೀಗೆಯೇ.

ಬಾಯಲ್ಲಿ ಇದು ನಡೆಯಲು ಎರಡು ಕಡೆ ಬಾಗಿಲು ಮುಚ್ಚಬೇಕು. ನಾಲಿಗೆಯ ಹಿಂಭಾಗ ಹಿಂದಿನ ಮೆದು ಅಂಗುಳಕ್ಕೆ ಒತ್ತಿರಬೇಕು. ಕ ಹೇಳುವ ಮುಂಚೆ ನಾಲಿಗೆ ಎಲ್ಲಿ ಒತ್ತುತ್ತದೋ ಅದೇ ಜಾಗ. ನಾಲಿಗೆಯ ತುದಿ ಮತ್ತು ಅಂಚುಗಳು ಮುಂದೆ ಹಲ್ಲಿಗೋ ಒಸಡಿಗೋ ಅಂಟಿರಬೇಕು. ಈ ಎರಡರ ನಡುವೆ ಸ್ವಲ್ಪ ಗಾಳಿ ಸಿಕ್ಕಿಕೊಳ್ಳುತ್ತದೆ. ಈಗ ನಾಲಿಗೆಯ ನಡುಭಾಗವನ್ನು ತಗ್ಗಿಸಿದರೆ ಒತ್ತಡ ಇಳಿಯುತ್ತದೆ. ಮುಂದಿನ ಬಾಗಿಲು ತೆರೆದ ಕ್ಷಣ ಕ್ಲಿಕ್. ಹಿಂದಿನ ಬಾಗಿಲು ತೆರೆಯುವುದು ಅದಾದ ಮೇಲೆ.

ಉಸಿರಿಗೂ ಇದಕ್ಕೂ ಸಂಬಂಧವಿಲ್ಲ ಅನ್ನುವುದನ್ನು ನೀವೇ ಪರೀಕ್ಷೆ ಮಾಡಬಹುದು. ಬಾಯಿ ಸ್ವಲ್ಪ ತೆರೆದು, ಮೂಗಿನಲ್ಲಿ 'ಙ್‌ಙ್‌ಙ್' ಅಂತ ಗುಂಯ್‌ಗುಡುತ್ತಾ ಇರಿ. ಅದನ್ನು ನಿಲ್ಲಿಸದೆ ನಾಲಿಗೆಯಲ್ಲಿ ಟಾಕ್ ಟಾಕ್ ಮಾಡಿ. ಎರಡೂ ಒಟ್ಟಿಗೆ ನಡೆಯುತ್ತವೆ. ಉಸಿರು ಮೂಗಿನಲ್ಲಿ ತನ್ನ ಪಾಡಿಗೆ ಹೋಗುತ್ತಿದೆ, ನಾಲಿಗೆ ಬಾಯಲ್ಲಿ ತನ್ನ ಕೆಲಸ ಮಾಡುತ್ತಿದೆ.

ಬರೆಯುವುದು ಹೇಗೆ?

ಜುಲುವನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯುತ್ತಾರೆ. 19ನೇ ಶತಮಾನದಲ್ಲಿ ಅಲ್ಲಿಗೆ ಹೋದ ಮಿಷನರಿಗಳು ಈ ಭಾಷೆಗಳನ್ನು ಬರೆದುಕೊಳ್ಳಲು ಹೊರಟಾಗ ಕ್ಲಿಕ್‌ಗಳಿಗೆ ಅಕ್ಷರ ಬೇಕಾಯಿತು. ಸಿ, ಕ್ಯೂ, ಎಕ್ಸ್ ಮೂರೂ ಖಾಲಿ ಇದ್ದವು. ಇಂಗ್ಲಿಷ್‌ನಲ್ಲಿ ಅವು ಕೊಡುವ ಸದ್ದುಗಳಿಗೆ ಕೆ, ಎಸ್ ಸಾಕಿತ್ತು. ಹಾಗಾಗಿ ಮೊದಲನೇ ಕ್ಲಿಕ್ಕಿಗೆ ಸಿ, ಎರಡನೆಯದಕ್ಕೆ ಕ್ಯೂ, ಮೂರನೆಯದಕ್ಕೆ ಎಕ್ಸ್ ಬಳಕೆಗೆ ಬಂದವು. ಹೊರಗಿನವರು ಎಡವುವುದೂ ಇಲ್ಲೇ. 1879ರ ಜನವರಿ 22ರಂದು ಇಸಾಂಡ್ಲ್ವಾನದಲ್ಲಿ ಬ್ರಿಟಿಷ್ ಸೇನೆಯನ್ನು ಸೋಲಿಸಿದ ಜುಲು ಸೈನ್ಯದ ದೊರೆಯ ಹೆಸರನ್ನು ಪುಸ್ತಕಗಳಲ್ಲಿ ಸೆಟ್ಶ್ವಾಯೊ ಎಂದು ಓದುತ್ತೇವೆ. ಆ ಸಿ 'ಸ'ಕಾರವೇ ಅಲ್ಲ, ಮೊದಲನೇ ಕ್ಲಿಕ್.

ಕನ್ನಡದಲ್ಲಿ ಇವಕ್ಕೆ ಅಕ್ಷರವಿಲ್ಲ. ಈ ಲೇಖನದ ಮಟ್ಟಿಗೆ ಒಂದು ಉಪಾಯ ಮಾಡೋಣ. ಕ ವರ್ಗದ ಅಕ್ಷರ ಬರೆದು ಪಕ್ಕದಲ್ಲಿ ಕನ್ನಡ ಅಂಕಿ ಹಾಕೋಣ. ಕ೧ ಅಂದರೆ ಹಲ್ಲಿಯ ಲೊಚ್. ಕ೨ ಅಂದರೆ ಗೊರಸಿನ ಟಾಕ್. ಕ೩ ಅಂದರೆ ಗಾಡಿಯವನ ಕ್ಲಕ್. ಅಂಕಿ ಇಲ್ಲದ ಕ ಬಂದರೆ ಅದು ನಮ್ಮ ಮಾಮೂಲಿ ಕ.

ಕ ವರ್ಗವೇ ಯಾಕೆ? ಹಿಂದಿನ ಬಾಗಿಲು ಮುಚ್ಚುವುದು ಕ ಜಾಗದಲ್ಲಿ. ಅದಕ್ಕೇ.

ಮೂರು ಸದ್ದು, ಒಂದೊಂದಾಗಿ

ಕ೧: ನಾಲಿಗೆಯ ತುದಿಯನ್ನು ತ ಹೇಳುವ ಜಾಗಕ್ಕೆ ಒತ್ತಿ. ಮೇಲಿನ ಮುಂದಿನ ಹಲ್ಲುಗಳ ಹಿಂಭಾಗ. ಹಿಂದೆ ಕ್ ಅಂತ ಮುಚ್ಚಿರಲಿ. ತುದಿಯನ್ನು ಹೀರಿದ ಹಾಗೆ ಹಿಂದಕ್ಕೆ ಬಿಡಿಸಿ. ಸಣ್ಣಗೆ, ಸ್ವಲ್ಪ ಎಳೆದ ಹಾಗೆ ಲೊಚ್ ಅನ್ನಬೇಕು. ಜೋರು ಬೇಡ. ಪದ: ಇಕೀ೧ಕಿ೧. ಅಂದರೆ ಕಿವಿಯೋಲೆ.

ಕ೨: ತುದಿ ಒಸಡಿನ ದಿಬ್ಬದ ಹಿಂದೆ ಇರಬೇಕು. ನಮ್ಮ ಟ ಜಾಗದ ಆಸುಪಾಸು. ಆದರೆ ಟ ಹೇಳುವಾಗ ನಾವು ತುದಿಯನ್ನು ಹಿಂದಕ್ಕೆ ಮಡಚುತ್ತೇವೆ. ಇಲ್ಲಿ ಮಡಚಬಾರದು. ಚಪ್ಪಟೆಯಾಗಿ ಒತ್ತಿ ಒಮ್ಮೆಲೇ ಕೆಳಗೆ ಎಳೆಯಿರಿ. ಮೂರರಲ್ಲಿ ಇದೇ ಜೋರು. ಎಳೆತ ಇರುವುದಿಲ್ಲ, ಒಂದೇ ಪೆಟ್ಟು. ಪದ: ಇಕಾಂ೨ಡ. ಅಂದರೆ ಮೊಟ್ಟೆ.

ಕ೩: ಇದಕ್ಕೆ ಲ ನೆನಪಿಸಿಕೊಳ್ಳಿ. ಲ ಹೇಳುವಾಗ ನಾಲಿಗೆಯ ತುದಿ ಮೇಲೆ ಅಂಟಿರುತ್ತದೆ, ಗಾಳಿ ಪಕ್ಕದಿಂದ ಹೋಗುತ್ತದೆ. ಕ೩ನಲ್ಲೂ ತುದಿ ಅಲುಗಬಾರದು. ಬಿಡಿಸಬೇಕಾದ್ದು ನಾಲಿಗೆಯ ಒಂದು ಅಂಚನ್ನು, ದವಡೆ ಹಲ್ಲಿನ ಹತ್ತಿರ. ಎಡವೋ ಬಲವೋ, ನಿಮಗೆ ಯಾವುದು ಸರಾಗವೋ ಅದು. ಪದ: ಇಕೋ೩ಕೊ೩. ಅಂದರೆ ಕಪ್ಪೆ.

ಕನ್ನಡಿ ಮುಂದೆ ನಿಂತು ಮಾಡಿದರೆ ಕ೩ ಬೇಗ ಗೊತ್ತಾಗುತ್ತದೆ. ಬಾಯಿ ಸ್ವಲ್ಪ ಅಗಲಿಸಿ ನೋಡಿ. ಕ೨ ಮಾಡಿದಾಗ ಇಡೀ ನಾಲಿಗೆ ಕೆಳಗೆ ಬೀಳುವುದು ಕಾಣುತ್ತದೆ. ಕ೩ ಮಾಡಿದಾಗ ತುದಿ ಮೇಲೆಯೇ ಇದ್ದು ಕೆನ್ನೆಯ ಕಡೆ ಮಾತ್ರ ಅಲುಗಾಟ ಕಾಣಬೇಕು. ತುದಿಯೂ ಬಿದ್ದರೆ ಅದು ಮತ್ತೆ ಕ೨ ಆಗಿಬಿಟ್ಟಿದೆ ಅಂತ ಅರ್ಥ.

ಈ ಎರಡರ ವ್ಯತ್ಯಾಸ ಯಾಕೆ ಮುಖ್ಯ ಅನ್ನಲು ಒಂದು ಜೋಡಿ ಸಾಕು. ಕೋ೩ಕ೩ ಅಂದರೆ ಹರಟೆ ಹೊಡೆ, ಮಾತಾಡು. ಕೋ೨ಕ೨ ಅಂದರೆ ಒಟ್ಟುಗೂಡಿಸು.

ಮೂರು ಹದಿನೈದಾಗುವುದು ಹೀಗೆ

ಕನ್ನಡದವರ ಲಾಭ ಅಂತ ಮೊದಲೇ ಹೇಳಿದ್ದು ಇದನ್ನೇ. ಜುಲುವಿನ ಪ್ರತಿ ಕ್ಲಿಕ್ಕಿಗೂ ಐದು ರೂಪಗಳಿವೆ. ಇಂಗ್ಲಿಷ್ ಮಾತ್ರ ಗೊತ್ತಿರುವವರಿಗೆ ಇದನ್ನು ವಿವರಿಸಲು ಪುಟಗಟ್ಟಲೆ ಬೇಕು. ನಮಗೆ ಒಂದನೇ ಕ್ಲಾಸಿನ ಸಾಲು ಸಾಕು: ಕ, ಖ, ಗ, ಙ.

ಮುಂದಿನ ಬಾಗಿಲಿನಲ್ಲಿ ಕ್ಲಿಕ್ ಆಗುತ್ತಿರುವಾಗ ಹಿಂದಿನ ಬಾಗಿಲು ಯಾವ ಥರ ತೆರೆಯುತ್ತದೆ ಅನ್ನುವುದರ ಮೇಲೆ ಈ ರೂಪಗಳು ನಿಂತಿವೆ. ಅಲ್ಪಪ್ರಾಣವಾಗಿ ತೆರೆದರೆ ಕ೧. ಉಸಿರು ಜೋರಾಗಿ ಬಿಟ್ಟರೆ ಖ೧. ಗಂಟಲು ನಡುಗಿಸಿದರೆ ಗ೧. ಮೂಗಿನಿಂದ ದನಿ ಬಿಟ್ಟರೆ ಙ೧. ಮೂಗಿನಿಂದ ಶುರುವಾಗಿ ಗ ಆಗಿ ಬಿಟ್ಟರೆ ಙ್ಗ೧. ಇದೇ ಐದು ೨ಕ್ಕೂ ೩ಕ್ಕೂ ಬರುತ್ತವೆ. ಮೂರೈದಲಿ ಹದಿನೈದು. ಪ್ರಾಥಮಿಕ ಶಾಲೆಯಿಂದ ಇಲ್ಲಿಯ ತನಕ ಸುಮ್ನೆ ಕೂತಿದ್ದ ಙ ಅಕ್ಷರಕ್ಕೆ ಕೊನೆಗೂ ಒಂದು ಕೆಲಸ ಸಿಕ್ಕಿತು.

ಬರವಣಿಗೆಯಲ್ಲಿ ಇದನ್ನು ಗುರುತಿಸುವುದು ಸುಲಭ. ಸಿ ಅಕ್ಷರದ ಮುಂದೆ ಹೆಚ್ ಇದ್ದರೆ ಖ೧. ಹಿಂದೆ ಜಿ ಇದ್ದರೆ ಗ೧. ಹಿಂದೆ ಎನ್ ಇದ್ದರೆ ಙ೧. ಹಿಂದೆ ಎನ್, ಜಿ ಎರಡೂ ಇದ್ದರೆ ಙ್ಗ೧. ಕ್ಯೂ, ಎಕ್ಸ್‌ಗೂ ಇದೇ ನಿಯಮ. ಒಂದು ಎಚ್ಚರಿಕೆ: ಸಿ, ಹೆಚ್ ಜೊತೆಯಾಗಿ ಕಂಡ ಕೂಡಲೇ ನಮ್ಮ ಬಾಯಿ ಚ ಅನ್ನುತ್ತದೆ. ಜುಲುವಿನಲ್ಲಿ ಅದು ಯಾವತ್ತೂ ಚ ಅಲ್ಲ.

ಪದಗಳಲ್ಲಿ ನೋಡಿದರೆ ಸ್ಪಷ್ಟವಾಗುತ್ತದೆ. ಖ೧ ಅಂತ ಒಂದೇ ಅಕ್ಷರದ ಪದವಿದೆ, ಅರ್ಥ 'ಇಲ್ಲ', 'ಬೇಡ'. ಖಾ೧ಜ಼ ಅಂದರೆ ವಿವರಿಸು. ಗೀ೧ನ ಅಂದರೆ ಇಟ್ಟುಕೋ, ಕಾಪಾಡು. ಇಙ್ವಾ೧ಡಿ ಅಂದರೆ ಪುಸ್ತಕ. ಙ್ಗೋ೧ನೊ ಅಂದರೆ ವಾಸಿ, ಪರವಾಗಿಲ್ಲ. ಎರಡನೇ ಸಾಲಿನಲ್ಲಿ ಕಾ೨ಲ ಅಂದರೆ ಶುರುಮಾಡು, ಇಖೂ೨ಡೆ ಅಂದರೆ ಹುಂಜ, ಗೋ೨ಕ ಅಂದರೆ ಬಟ್ಟೆ ಹಾಕಿಕೋ, ಇಙೋ೨ಲ ಅಂದರೆ ಗಾಡಿ, ಇಙ್ಗೋಂ೨ಡೊ ಅಂದರೆ ಮನಸ್ಸು, ಬುದ್ಧಿ. ಮೂರನೇ ಸಾಲಿನಲ್ಲಿ ಖೂ೩ಮ ಅಂದರೆ ಜೋಡಿಸು, ಗೀ೩ಲ ಅಂದರೆ ಗಮನವಿಡು, ಇಙೇ೩ಬ ಅಂದರೆ ಗಾಯ, ಇಙ್ಗೋ೩ಕೊ೩ ಅಂದರೆ ಮಾತುಕತೆ. ಕೊನೆಯ ಪದದೊಳಗೆ ಮೊದಲು ನೋಡಿದ ಕೋ೩ಕ೩ ಅಡಗಿರುವುದು ಕಂಡಿತಾ?

ಗೋ೨ಕ ಪದವನ್ನು ಇನ್ನೊಮ್ಮೆ ನೋಡಿ. ಮೊದಲನೆಯದು ಕ್ಲಿಕ್, ಎರಡನೆಯದು ಮಾಮೂಲಿ ಕ. ಎರಡೂ ಪಕ್ಕಪಕ್ಕದಲ್ಲೇ ಇವೆ. ಆಡುವಾಗ ಬೇರೆ ಬೇರೆಯಾಗಿ ಕೇಳಬೇಕು.

ಒಂದು ಸೂಕ್ಷ್ಮ. ಇಲ್ಲಿ ಗ ಅಂತ ಬರೆದರೂ ಜುಲುವಿನ ಈ ಸದ್ದು ಸ್ವಲ್ಪ ಘ ಕಡೆಗೆ ವಾಲುತ್ತದೆ. ದನಿಯಲ್ಲಿ ಉಸಿರು ಬೆರೆತಿರುತ್ತದೆ. ಅದರ ಮುಂದಿನ ಸ್ವರವೂ ತಗ್ಗಿದ ದನಿಯಲ್ಲಿ ಶುರುವಾಗುತ್ತದೆ. ಶುರುವಿನಲ್ಲಿ ಗ ಅಂದರೆ ಸಾಕು, ಅರ್ಥವಾಗುತ್ತದೆ.

ಕ್ರಿಕೆಟ್ ಊರಿನ ಹೆಸರು ಈಗ ಓದಬಹುದು. ಜಿ, ಕ್ಯೂ ಸೇರಿದರೆ ಗ೨. ಹೆಸರು ಗೆ೨ಬೇಹ. ಕೊನೆಯಲ್ಲಿರುವ ಆರ್, ಹೆಚ್ ಎರಡೂ ಸೇರಿ ಗಂಟಲು ಕೆರೆದ ಹಾಗಿನ ಒಂದು ಹ. ಅಲ್ಲಿ ರ ಇಲ್ಲ. ಇದು ಆ ಊರಿನಲ್ಲಿ ಹರಿಯುವ ಬಾಕೆನ್ಸ್ ನದಿಗೆ ಖೋಸಾ ಜನ ಕರೆಯುವ ಹೆಸರು. ದಕ್ಷಿಣ ಆಫ್ರಿಕಾದ ಲೆಗ್ ಸ್ಪಿನ್ನರ್ ಙ೨ಬಯೋಮ್ಜಿ ಪೀಟರ್ ಅವರ ಹೆಸರಿನ ಶುರುವಿನಲ್ಲಿ ಎನ್, ಕ್ಯೂ ಇದೆ. ಅದನ್ನು ನಕಾರ ಸೇರಿಸಿ 'ನ್ಕ' ಅಂತ ಓದಿದರೆ ತಪ್ಪು. ಙ೨ ಅನ್ನಬೇಕು. ಇನ್ನು ಖೋಸಾ ಅನ್ನುವ ಪದ ಎಕ್ಸ್, ಹೆಚ್‌ನಿಂದ ಶುರುವಾಗುತ್ತದೆ. ಅದು ಖೋ೩ಸ.

ಸ್ವರ ಸೇರಿಸುವುದಕ್ಕೆ 'ಅಕ್ಕ' ಸಾಕು

ಬಿಡಿಬಿಡಿಯಾಗಿ ಲೊಚ್, ಟಾಕ್ ಎಲ್ಲರಿಗೂ ಬರುತ್ತದೆ. ಅದರ ಬೆನ್ನಿಗೇ ಆ ಅನ್ನಲು ಹೋದಾಗ ಮಧ್ಯೆ ಒಂದು ಸಂದು ಉಳಿದುಬಿಡುತ್ತದೆ. ಟಾಕ್... ಆ. ಇದು ಹೊಸದಾಗಿ ಕಲಿಯುವ ಎಲ್ಲರ ಸಮಸ್ಯೆ.

ಕನ್ನಡದ ಒತ್ತಕ್ಷರ ಇಲ್ಲಿ ಕೈಹಿಡಿಯುತ್ತದೆ. 'ಅಕ್ಕ' ಅನ್ನಿ. ಅ ಆದ ಮೇಲೆ ನಾಲಿಗೆಯ ಹಿಂಭಾಗ ಮೇಲೆ ಹೋಗಿ ಮುಚ್ಚಿಕೊಂಡು, ಅರೆಗಳಿಗೆ ಅಲ್ಲೇ ನಿಂತು, ಆಮೇಲೆ ತೆರೆಯುತ್ತದೆ. ಆ ನಿಂತ ಅರೆಗಳಿಗೆಯೇ ನಮಗೆ ಬೇಕಾದ್ದು. ಇನ್ನೊಮ್ಮೆ ನಿಧಾನವಾಗಿ 'ಅಕ್‌‌...ಕ' ಅನ್ನಿ. ಹಿಂದೆ ಮುಚ್ಚಿರುವಾಗಲೇ ನಾಲಿಗೆಯ ತುದಿಯನ್ನು ಹಲ್ಲಿಗೆ ತಂದು ಲೊಚ್ ಅನ್ನಿಸಿ. ಅದು ಮುಗಿದ ಕೂಡಲೇ ಮಾಮೂಲಿನಂತೆ ಕ ಬಿಡಿ. ಮೊದಮೊದಲು ಕ್ಲಿಕ್ ಮತ್ತು ಕ ಎರಡೂ ಬೇರೆಬೇರೆ ಕೇಳಿಸುತ್ತವೆ. ಪರವಾಗಿಲ್ಲ. ಹೇಳುತ್ತಾ ಹೋದ ಹಾಗೆ ಎರಡನ್ನೂ ಹತ್ತಿರ ತನ್ನಿ. ಕೊನೆಗೆ ಕ್ಲಿಕ್‌ನ ಸದ್ದಿನಲ್ಲಿ ಕ ಸದ್ದು ಮುಳುಗಿಹೋಗಬೇಕು. ಆಗ 'ಅಕ೧' ಬಂತು ಅಂತ ಲೆಕ್ಕ.

ಅಲ್ಲಿಂದ ಮುಂದೆ ಕಾಗುಣಿತ ಹೇಳುವುದು. ಅಕ೧, ಇಕಿ೧, ಉಕು೧, ಎಕೆ೧, ಒಕೊ೧. ಉ ಮತ್ತು ಒ ಬಂದಾಗ ತುಟಿ ಮೊದಲೇ ದುಂಡಾಗಿರಲಿ. ಆಮೇಲೆ ೨, ೩.

ಖ ಸಾಲಿಗೆ 'ಅಕ್ಖ', ಗ ಸಾಲಿಗೆ 'ಅಗ್ಗ'. ಙ ಸಾಲು ಎಲ್ಲಕ್ಕಿಂತ ಸುಲಭ ಅಂತ ಅನೇಕರಿಗೆ ಅನ್ನಿಸುತ್ತದೆ, ಯಾಕೆಂದರೆ ಅಲ್ಲಿ ದನಿ ನಿಲ್ಲುವುದೇ ಇಲ್ಲ. ಮೂಗಿನಲ್ಲಿ ಗುಂಯ್‌ಗುಡುತ್ತಾ ಕ್ಲಿಕ್ ಮಾಡಿ ಹಾಗೇ ಆ ಅಂದುಬಿಡಿ.

ಎಲ್ಲಿ ತಪ್ಪುತ್ತದೆ?

ಸಾಮಾನ್ಯ ತಪ್ಪು ಮೂಗಿನದು. ಸಲೀಸಾಗಿ ಬರುತ್ತದೆ ಅಂತ ಎಲ್ಲ ಕ್ಲಿಕ್ಕನ್ನೂ ಙ ಮಾಡಿಬಿಡುತ್ತೇವೆ. ಪರೀಕ್ಷೆಗೆ ಎರಡು ಬೆರಳು ಸಾಕು. ಮೂಗು ಹಿಡಿದುಕೊಂಡು ಕ೧ ಹೇಳಿ. ಏನೂ ವ್ಯತ್ಯಾಸ ಆಗಬಾರದು. ಸದ್ದು ಸಿಕ್ಕಿಕೊಂಡಂತಾದರೆ ನೀವು ಹೇಳುತ್ತಿದ್ದುದು ಙ೧.

ಕ ಮತ್ತು ಖ ಬೇರೆಯಾಗುತ್ತಿವೆಯಾ ಅಂತ ನೋಡಲು ಬಾಯಿಯ ಮುಂದೆ ತೆಳು ಕಾಗದದ ಚೂರು ಹಿಡಿಯಿರಿ. ಖ೧ ಅಂದಾಗ ಅಲುಗಬೇಕು, ಕ೧ ಅಂದಾಗ ಅಲುಗಬಾರದು. ಮಾತಿನಲ್ಲಿ ಮಹಾಪ್ರಾಣ ಬಿಟ್ಟೇಬಿಡುವ ಅಭ್ಯಾಸ ನಮ್ಮಲ್ಲಿ ಬೇಕಾದಷ್ಟು ಜನರಿಗಿದೆ. 'ಖಂಡಿತ'ವನ್ನು 'ಕಂಡಿತ' ಅನ್ನುವವರು ಇದೊಂದು ಕಡೆ ಹುಷಾರಾಗಿರಬೇಕು.

ಜೋರಾಗಿ ಮಾಡುವುದೂ ತಪ್ಪೇ. ಹೊಸಬರು ಕ್ಲಿಕ್ ಬಂದಾಗಲೆಲ್ಲ ಬಾಯಿ ಸಿದ್ಧ ಮಾಡಿಕೊಂಡು ಪಟಾಕಿ ಹೊಡೆಯುತ್ತಾರೆ. ಜುಲು ಆಡುವವರಿಗೆ ಅದು ಉಳಿದ ವ್ಯಂಜನಗಳಂತೆ ಇನ್ನೊಂದು. ಮಾತಿನ ಓಟದಲ್ಲಿ ಬಂದು ಹೋಗುತ್ತದೆ. ಹಾಗೆಯೇ ಕ್ಲಿಕ್ ಮಾಡುವಾಗ ಉಸಿರು ಒಳಗೆ ಎಳೆದುಕೊಳ್ಳಬೇಡಿ. ಎಳೆದುಕೊಂಡರೆ ಮುಂದಿನ ಸ್ವರಕ್ಕೆ ಉಸಿರು ಸಿಗುವುದಿಲ್ಲ, ಪದ ಅಲ್ಲೇ ತುಂಡಾಗುತ್ತದೆ.

ಏನು ಮಾಡಿದರೂ ಬರದಿದ್ದರೆ? ಕ್ಲಿಕ್ ಬದಲು ಬರೀ ಕ ಹೇಳುವವರಿದ್ದಾರೆ. ದಕ್ಷಿಣ ಆಫ್ರಿಕಾದ ಗಣಿಗಳಲ್ಲಿ, ನಟಾಲ್‌ನಲ್ಲಿ ಬಿಳಿಯರು, ಭಾರತೀಯರು, ಜುಲುಗಳು ಪರಸ್ಪರ ಮಾತಾಡಲು ಫನಗಲೋ ಎಂಬ ಬೆರಕೆ ಮಾತು ಹುಟ್ಟಿಕೊಂಡಿತ್ತು. ಅದರ ಪದಗಳು ಬಹುಪಾಲು ಜುಲುವಿನವೇ. ಆದರೆ ಕ್ಲಿಕ್ ಇದ್ದ ಕಡೆ ಸಾಮಾನ್ಯವಾಗಿ ಕ ಬರುತ್ತಿತ್ತು. ಯಜಮಾನ ಆಳಿಗೆ ಅಪ್ಪಣೆ ಕೊಡುವ ಮಾತಾಗಿ ಬಳಕೆಯಾದ್ದರಿಂದ ಅದಕ್ಕೆ ಒಳ್ಳೆಯ ಹೆಸರಿಲ್ಲ. ಅರೆಬರೆ ಆದರೂ ಕ್ಲಿಕ್ ಪ್ರಯತ್ನ ಮಾಡುವುದೇ ಮೇಲು.

ಈ ಸದ್ದು ಜುಲುವಿಗೆ ಬಂದದ್ದು ಎಲ್ಲಿಂದ?

ಬಂಟು ಭಾಷೆ ಆಡುವವರು ಉತ್ತರದಿಂದ ದಕ್ಷಿಣಕ್ಕೆ ಬರುವ ಮೊದಲೇ ಅಲ್ಲಿ ಖೋಯ್ ಮತ್ತು ಸಾನ್ ಜನ ಇದ್ದರು. ಸಾನ್ ಜನ ಬೇಟೆಯಾಡಿ, ಗೆಡ್ಡೆಗೆಣಸು ಆಯ್ದು ಬದುಕುತ್ತಿದ್ದವರು. ಖೋಯ್ ಜನ ದನ ಕುರಿ ಸಾಕುತ್ತಿದ್ದರು. ಅವರ ಭಾಷೆಗಳ ತುಂಬ ಕ್ಲಿಕ್‌ಗಳೇ. ಕೆಲವು ಸಾನ್ ಭಾಷೆಗಳಲ್ಲಿ ಇರುವಷ್ಟು ಕ್ಲಿಕ್‌ಗಳ ಮುಂದೆ ಜುಲುವಿನ 15 ಏನೂ ಅಲ್ಲ. ನೂರಾರು ವರ್ಷ ಅಕ್ಕಪಕ್ಕ ಬಾಳಿ, ಹೆಣ್ಣು ಕೊಟ್ಟು ತಂದು, ಪದಗಳ ಜೊತೆಗೆ ಸದ್ದುಗಳೂ ದಾಟಿಬಂದವು. ಸದ್ದು ಎರವಲು ಬರುವುದು ನಮಗೇನೂ ಹೊಸದಲ್ಲ. ಕನ್ನಡದ ಮಹಾಪ್ರಾಣಗಳು ಹೆಚ್ಚಾಗಿ ಬಂದದ್ದು ಸಂಸ್ಕೃತದ ಪದಗಳ ಜೊತೆಗೇ.

ಆದರೆ ಕ್ಲಿಕ್ ಇಷ್ಟು ಆಳಕ್ಕೆ ಇಳಿಯಲು ಇನ್ನೊಂದು ಕಾರಣವನ್ನೂ ಭಾಷಾತಜ್ಞರು ಕೊಡುತ್ತಾರೆ. ಅದು ಹ್ಲೊನಿಪ ಎಂಬ ಪದ್ಧತಿ. ಪದದ ಅರ್ಥ ಗೌರವ. ಮದುವೆಯಾಗಿ ಬಂದ ಸೊಸೆ ಮಾವನ ಹೆಸರನ್ನು, ಗಂಡನ ಮನೆಯ ಹಿರಿಯರ ಹೆಸರನ್ನು ಬಾಯಿಬಿಟ್ಟು ಹೇಳುವಂತಿಲ್ಲ. ಇಷ್ಟು ನಮ್ಮಲ್ಲೂ ಇತ್ತು. ಗಂಡನ ಹೆಸರು ಹೇಳಬಾರದು ಅಂತಲೇ ಉತ್ತರ ಕರ್ನಾಟಕದ ಮದುವೆಗಳಲ್ಲಿ ಒಡಪು ಹಾಕಿ ಹೆಸರು ಹೇಳಿಸುವ ಗಮ್ಮತ್ತು ಬೆಳೆಯಿತು. ಜುಲು ಸೊಸೆಯ ಕಷ್ಟ ಇನ್ನೂ ಜಾಸ್ತಿ. ಆ ಹೆಸರಿನಲ್ಲಿರುವ ಅಕ್ಷರಗಳು ಬೇರೆ ಪದಗಳಲ್ಲಿ ಬಂದರೂ ಹೇಳುವ ಹಾಗಿರಲಿಲ್ಲ. ಮಾವನ ಹೆಸರಿನ ಒಂದು ತುಣುಕು ನೀರು, ದಾರಿ, ಹಸು ಅನ್ನುವ ಪದದಲ್ಲಿ ಇದ್ದರೆ ಆ ಪದವನ್ನೇ ಬದಲಾಯಿಸಬೇಕು. ದಿನವಿಡೀ ಬೇಕಾದ ಪದಗಳನ್ನು ಬಿಟ್ಟು ಬದುಕುವುದು ಹೇಗೆ? ಒಂದು ವ್ಯಂಜನ ತೆಗೆದು ಅಲ್ಲಿ ಬೇರೆ ಸದ್ದು ಇಟ್ಟರೆ ಪದ ಬದಲಾಯಿತು, ಕೇಳುವವರಿಗೆ ಅರ್ಥವೂ ಆಯಿತು. ಹಾಗೆ ಇಡಲು ನೆರೆಮನೆಯಿಂದ ಬಂದ ಕ್ಲಿಕ್‌ಗಳು ಕೈಗೆ ಸಿಕ್ಕವು. ತಾಯಂದಿರ ಬಾಯಿಂದ ಮಕ್ಕಳಿಗೆ, ಅಲ್ಲಿಂದ ಭಾಷೆಗೆ.

ಸುತ್ತಲಿನ ಭಾಷೆಗಳಿಗೂ ಕ್ಲಿಕ್ ಹಂಚಿಕೆಯಾಗಿದೆ, ಆದರೆ ಸಮನಾಗಿ ಅಲ್ಲ. ಸ್ವಾಟಿಯಲ್ಲಿ ಮುಖ್ಯವಾಗಿ ೧ ಮಾತ್ರ. ಸೋತೋದಲ್ಲಿ ೨ ಮಾತ್ರ. ಇವೆಲ್ಲದರಿಂದ ದೂರ, ಟಾಂಜಾನಿಯಾದ ಹಡ್ಜಾ ಮತ್ತು ಸಂಡಾವೆ ಭಾಷೆಗಳಲ್ಲೂ ಕ್ಲಿಕ್ ಇದೆ.

ಎಲ್ಲಿಂದ ಶುರು ಮಾಡುವುದು?

ಹದಿನೈದನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ. ನಿಜವಾಗಿ ಬಳಕೆಗೆ ಬರುವ ಮೂರು ಮಾತು ಮೊದಲು ಕಲಿಯಿರಿ. ಡರ್ಬನ್‌ನ ಅಂಗಡಿಯಲ್ಲಿ ನೀರು ಬೇಕು ಅನ್ನಲು 'ಙ್ಗಿಕೆ೧ಲ ಅಮಾಂಜ಼ಿ'. 'ನೀರು ಕೊಡ್ತೀರಾ' ಅಂದ ಹಾಗೆ. ಇಲ್ಲಿ ಶುರುವಿನ ಙ್ಗಿ ಮಾಮೂಲಿ ಸದ್ದು, ಕ್ಲಿಕ್ ಇರುವುದು ಕೆ೧ನಲ್ಲಿ ಮಾತ್ರ. ಗುಂಪಿನಲ್ಲಿ ದಾರಿ ಬಿಡಿ ಅನ್ನಲು, ತಪ್ಪಾಯ್ತು ಅನ್ನಲು 'ಉಕೋ೩ಲೊ'. ಬೇಡ ಅನ್ನಲು 'ಖ೧'. ಕೊನೆಯ ಹಿಂದಿನ ಅಕ್ಷರವನ್ನು ಸ್ವಲ್ಪ ಎಳೆದು ಹೇಳುವುದು ಜುಲುವಿನ ರೀತಿ. ಅದಕ್ಕೇ ಇಲ್ಲಿಯ ಪದಗಳಲ್ಲಿ ಆ ಜಾಗಕ್ಕೆ ದೀರ್ಘ ಬರೆದಿದ್ದೇನೆ.

ಆಮೇಲೆ ವಾಕ್ಯ. 'ಇಕೋ೩ಕೊ೩ ಲಿಯಕೋ೩ಕ೩'. ಕಪ್ಪೆ ಹರಟೆ ಹೊಡೆಯುತ್ತಿದೆ. 'ಙ್ಗಿಕೊ೨ಕ೨ ಅಮಕಾಂ೨ಡ'. ನಾನು ಮೊಟ್ಟೆ ಒಟ್ಟು ಮಾಡುತ್ತೇನೆ. ಇವೆರಡೂ ಸರಾಗವಾದರೆ 'ಉಖೊ೨ಖೋ೨ಖೊ೨' ಅನ್ನುವ ಪದಕ್ಕೆ ಕೈಹಾಕಿ. ಅರ್ಥ ಗಂಟಲ ಕೊಳವೆ. ಸಾಲಾಗಿ ಮೂರು ಮಹಾಪ್ರಾಣದ ಟಾಕ್.

ಸದ್ದು ಬಂದರೂ ರಾಗ ಬರಬೇಕು. ಜುಲುವಿನಲ್ಲಿ ದನಿಯ ಏರಿಳಿತಕ್ಕೂ ಅರ್ಥವಿದೆ. ಅದನ್ನು ಬರವಣಿಗೆಯಲ್ಲಿ ತೋರಿಸುವುದಿಲ್ಲ, ಕೇಳಿಯೇ ಕಲಿಯಬೇಕು. ಡರ್ಬನ್‌ನಿಂದ ಪ್ರಸಾರವಾಗುವ ಉಖೋಜಿ ಎಫ್‌ಎಂ ಜುಲು ಭಾಷೆಯ ದೊಡ್ಡ ರೇಡಿಯೋ ಕೇಂದ್ರ, ಇಂಟರ್‌ನೆಟ್‌ನಲ್ಲೂ ಸಿಗುತ್ತದೆ. ಮೊದಲು ಅರ್ಥದ ಗೊಡವೆ ಬೇಡ. ಮಾತಿನ ನಡುವೆ ಕ೨ ಎಲ್ಲೆಲ್ಲಿ ಬರುತ್ತದೆ ಅಂತ ಮಾತ್ರ ಗಮನಿಸಿ. ಅದು ಮೂರರಲ್ಲಿ ಬೇಗ ಕಿವಿಗೆ ಬೀಳುತ್ತದೆ. ಕ೧ ಮತ್ತು ಕ೩ ಬೇರೆಬೇರೆ ಅಂತ ಕಿವಿ ಒಪ್ಪಲು ಸ್ವಲ್ಪ ದಿನ ಹಿಡಿಯುತ್ತದೆ.